‘ಸ್ಕೊತೊಸ್’ ಎಂಬ ಕತ್ತಲೆ: ಸತ್ಯವೇದದ ಒಂದು ಗ್ರೀಕ್ ಪದವನ್ನು ನೀವೇ ಹಿಡಿದು ನೋಡುವ ಬಗೆ

ಕನ್ನಡ ಸತ್ಯವೇದದ ಹೊಸ ಒಡಂಬಡಿಕೆಯಲ್ಲಿ ‘ಕತ್ತಲೆ’ ಎಂದು ಓದುವಾಗ ಮೂಲದಲ್ಲೂ ಒಂದೇ ಪದ ಇರಬೇಕು ಅನ್ನಿಸುತ್ತದೆ. ಅಲ್ಲಿರುವುದು ಐದು: ಸ್ಕೊತೊಸ್, ಸ್ಕೊತಿಯಾ, ಜೊಫೊಸ್, ಗ್ನೊಫೊಸ್, ಅಖ್ಲುಸ್. ಇಂದು ವಿದ್ವಾಂಸರು ಬಳಸುವ ನೆಸ್ಲೆ-ಆಲಂಡ್ ಗ್ರೀಕ್ ಪಠ್ಯದಲ್ಲಿ ಇವು ಬರುವುದು ಕ್ರಮವಾಗಿ 31, 16, 5, 1 ಮತ್ತು 1 ಸಲ. ಒಟ್ಟು 54. ಒಬ್ಬರು ಕೂತು ಕೈಯಿಂದಲೇ ಬರೆದು ಮುಗಿಸಬಹುದಾದಷ್ಟು ಚಿಕ್ಕ ಕೆಲಸ. ಹಾಗಿದ್ದೂ ಹೆಚ್ಚಿನವರು ನಿಘಂಟಿನ ಒಂದು ಸಾಲು ನೋಡಿ, ‘ಕತ್ತಲೆ ಎಂದರೆ ಪಾಪ’ ಎಂದು ಪ್ರಸಂಗದ ಟಿಪ್ಪಣಿಯಲ್ಲಿ ಗೀಚಿಕೊಂಡು ಎದ್ದುಬಿಡುತ್ತಾರೆ. ಆ ಒಂದು ಸಾಲು 54ರಲ್ಲಿ ಅರ್ಧದಷ್ಟು ಕಡೆಗೂ ಸರಿಯಾಗಿ ಕೂರುವುದಿಲ್ಲ.

ಗ್ರೀಕ್ ವ್ಯಾಕರಣ ಓದದವರೂ ಈ ಕೆಳಗಿನಂತೆ ಮಾಡಬಹುದು. ಎರಡು ಬೇರೆ ಬೇರೆ ಕನ್ನಡ ಅನುವಾದಗಳು, ಒಂದು ನೋಟ್‌ಬುಕ್, ಮೂರು ಗಂಟೆ ಬಿಡುವು ಇದ್ದರೆ ಸಾಕು. ಫೋನಿನಲ್ಲಿ ಸ್ಟೆಪ್ ಬೈಬಲ್, ಬ್ಲೂ ಲೆಟರ್ ಬೈಬಲ್, ಬೈಬಲ್ ಹಬ್ ಇವುಗಳಲ್ಲಿ ಯಾವುದಾದರೂ ಒಂದನ್ನು ತೆರೆದಿಟ್ಟುಕೊಳ್ಳಿ. ಮೂರೂ ಉಚಿತ.

ಹಂತ 1: ಪದವನ್ನು ಸರಿಯಾಗಿ ಬರೆದುಕೊಳ್ಳಿ

ಇಂಗ್ಲಿಷ್ ಲಿಪ್ಯಂತರ ನೋಡಿ ‘ಸ್ಕೋಟೋಸ್’ ಎಂದು ಬರೆಯುವ ರೂಢಿ ಇದೆ. ಗ್ರೀಕಿನಲ್ಲಿ ಇದರ ಎರಡೂ ಒಕಾರ ಹ್ರಸ್ವ, ನಡುವಿನ ವ್ಯಂಜನ ನಮ್ಮ ‘ತ’ಕ್ಕೆ ಹತ್ತಿರ. ಹ್ರಸ್ವ ‘ಒ’ ಬರೆಯಲು ಹಿಂದಿಯವರಿಗೆ ಸಲೀಸಾದ ಅಕ್ಷರವಿಲ್ಲ, ನಮಗಿದೆ. ಹಾಗಾಗಿ ‘ಸ್ಕೊತೊಸ್’ ಎಂದೇ ಬರೆಯಿರಿ.

ಇದಕ್ಕಿಂತ ಮುಖ್ಯ ಅದರ ರೂಪಗಳು. ವಾಕ್ಯದೊಳಗೆ ಪದ ಮೂರು ವೇಷದಲ್ಲಿ ಬರುತ್ತದೆ: ಸ್ಕೊತೊಸ್ (ಪ್ರಥಮಾ, ದ್ವಿತೀಯಾ ಎರಡಕ್ಕೂ ಇದೇ), ಸ್ಕೊತೂಸ್ (ಷಷ್ಠಿ), ಸ್ಕೊತೆಯ್ (ಚತುರ್ಥಿ). ಹುಡುಕುವ ಚೌಕದಲ್ಲಿ ಮೊದಲ ರೂಪವನ್ನಷ್ಟೇ ಹಾಕಿದರೆ ಉಳಿದೆರಡು ಕೈತಪ್ಪುತ್ತವೆ, ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಅಕ್ಷರ ಹಾಕಿ ಹುಡುಕಬೇಡಿ, ಸ್ಟ್ರಾಂಗ್ ಸಂಖ್ಯೆ (ಸತ್ಯವೇದದ ಪ್ರತಿ ಮೂಲ ಪದಕ್ಕೂ ಕೊಟ್ಟಿರುವ ಕ್ರಮಸಂಖ್ಯೆ) ಹಾಕಿ. ಸ್ಕೊತೊಸ್‌ಗೆ 4655, ಸ್ಕೊತಿಯಾಗೆ 4653, ಜೊಫೊಸ್‌ಗೆ 2217, ಗ್ನೊಫೊಸ್‌ಗೆ 1105, ಅಖ್ಲುಸ್‌ಗೆ 887. ಹೀಬ್ರೂ ಸಂಖ್ಯೆಗಳ ಸಾಲು ಬೇರೆ ಇರುವುದರಿಂದ ಗ್ರೀಕ್ ಎಂದು ಸೂಚಿಸುವ G ಅಕ್ಷರವನ್ನು ಸಂಖ್ಯೆಗೆ ಮೊದಲು ಸೇರಿಸಲು ಮರೆಯಬೇಡಿ.

ಕೆಲವು ಆ್ಯಪ್‌ಗಳು 31ರ ಬದಲು 32 ತೋರಿಸುತ್ತವೆ. ಗಾಬರಿ ಬೇಡ. ಸ್ಟ್ರಾಂಗ್ ಸಂಖ್ಯೆಗಳು ಹುಟ್ಟಿದ್ದು ಕಿಂಗ್ ಜೇಮ್ಸ್ ಅನುವಾದದ ಹಿಂದಿದ್ದ ಹಳೆಯ ಮುದ್ರಿತ ಪಠ್ಯದ ಮೇಲೆ. ಇಬ್ರಿಯರಿಗೆ 12:18ರಲ್ಲಿ ಆ ಪಠ್ಯಕ್ಕೆ ‘ಸ್ಕೊತೊಸ್’, ಇಂದಿನ ಪರಿಷ್ಕೃತ ಪಠ್ಯಕ್ಕೆ ‘ಜೊಫೊಸ್’. ಆ ಹೆಚ್ಚುವರಿ ಒಂದು ಇದೇ.

ಹಂತ 2: ವಿಭಕ್ತಿ ನೋಡಿ ಗುಂಪು ಮಾಡಿ

ಇಡೀ ಕೆಲಸದ ತಿರುಳು ಇರುವುದು ಇಲ್ಲಿ. 31 ವಚನಗಳನ್ನೂ ಒಂದೊಂದೇ ತೆರೆದು, ಕನ್ನಡದಲ್ಲಿ ಆ ಪದ ಯಾವ ವಿಭಕ್ತಿಯಲ್ಲಿ ಬಂದಿದೆ ಎಂದು ಪಕ್ಕದಲ್ಲಿ ಬರೆಯಿರಿ. ಕತ್ತಲೆ, ಕತ್ತಲೆಯನ್ನು, ಕತ್ತಲೆಯಿಂದ, ಕತ್ತಲೆಗೆ, ಕತ್ತಲೆಯ, ಕತ್ತಲೆಯಲ್ಲಿ. ಶಾಲೆಯಲ್ಲಿ ಉರುಹೊಡೆದ ಆ ಕೋಷ್ಟಕ ಇಷ್ಟು ಉಪಯೋಗಕ್ಕೆ ಬರುವ ಸಂದರ್ಭ ಕಡಿಮೆ.

‘ಕತ್ತಲೆಯಲ್ಲಿ’ ಎಂದಿರುವ ಕಡೆ (ಮತ್ತಾಯ 4:16, ಲೂಕ 1:79, ರೋಮಾಪುರದವರಿಗೆ 2:19, 1 ಥೆಸಲೊನೀಕ 5:4) ಅದು ಜನರಿರುವ ಸ್ಥಿತಿ. ಮತ್ತಾಯನಲ್ಲೂ ಲೂಕನಲ್ಲೂ ಕತ್ತಲೆಯಲ್ಲಿ ಜನ ‘ಕೂತಿದ್ದಾರೆ’. ಮತ್ತಾಯ ಉದ್ಧರಿಸುತ್ತಿರುವುದು ಯೆಶಾಯ 9ನೇ ಅಧ್ಯಾಯವನ್ನು. ಶತ್ರುವಿನ ಕೈಗೆ ಸಿಕ್ಕ ಗಲಿಲಾಯದ ನಾಡು ಅದು, ಅಲ್ಲಿನ ಕತ್ತಲೆ ಮೊದಲು ಸಂಕಟ, ಆಮೇಲೆ ಉಳಿದದ್ದು. ಇಲ್ಲಿ ‘ಪಾಪ’ ಎಂಬ ಒಂದೇ ಅರ್ಥ ತುರುಕಿದರೆ ನೊಂದವರನ್ನೇ ಅಪರಾಧಿಗಳನ್ನಾಗಿ ಮಾಡಿದಂತೆ.

‘ಕತ್ತಲೆಯ’ ಎಂಬ ಷಷ್ಠಿಯ ಗುಂಪು ಬೇರೆಯೇ ಮಾತಾಡುತ್ತದೆ. ಕತ್ತಲೆಯ ಕೃತ್ಯಗಳು (ರೋಮಾಪುರದವರಿಗೆ 13:12, ಎಫೆಸದವರಿಗೆ 5:11), ಕತ್ತಲೆಯ ಅಧಿಕಾರ (ಲೂಕ 22:53, ಕೊಲೊಸ್ಸೆಯವರಿಗೆ 1:13), ಈ ಕತ್ತಲೆಯ ಲೋಕಾಧಿಪತಿಗಳು (ಎಫೆಸದವರಿಗೆ 6:12). ಇಲ್ಲಿ ಕತ್ತಲೆ ಒಡೆಯನ ಹಾಗೆ. ಅದಕ್ಕೆ ಆಳ್ವಿಕೆ ಇದೆ, ಆಳುಗಳಿದ್ದಾರೆ. ಹಾಗೆಂದು 1 ಕೊರಿಂಥ 4:5ರ ‘ಕತ್ತಲೆಯ ಗುಟ್ಟುಗಳ’ನ್ನು ಇದೇ ಸಾಲಿಗೆ ಸೇರಿಸಬೇಡಿ. ಅಲ್ಲಿ ಕತ್ತಲೆ ಬರಿಯ ಮರೆ.

‘ಕತ್ತಲೆಯಿಂದ’ ಎಂದು ಬರುವುದು ಬಿಡುಗಡೆಯ ಅಥವಾ ಸೃಷ್ಟಿಯ ಮಾತಿನಲ್ಲಿ: ಅಪೊಸ್ತಲರ ಕೃತ್ಯಗಳು 26:18, 1 ಪೇತ್ರ 2:9, 2 ಕೊರಿಂಥ 4:6. ಇಲ್ಲೊಂದು ಎಡವಟ್ಟು ಕಾದಿದೆ. ಗ್ರೀಕಿಗೆ ಪ್ರತ್ಯೇಕ ಪಂಚಮಿ ಇಲ್ಲ, ‘ಇಂದ’ ಎಂಬ ಅರ್ಥ ಬರುವುದು ಪದಕ್ಕೆ ಮೊದಲು ಬರುವ ಉಪಸರ್ಗದಿಂದ (ಎಕ್ ಅಥವಾ ಅಪೊ), ಪದ ಮಾತ್ರ ಷಷ್ಠಿಯ ವೇಷದಲ್ಲೇ ಇರುತ್ತದೆ. ಹಾಗಾಗಿ ಆ್ಯಪ್ ‘ಷಷ್ಠಿ’ ಎಂದು ತೋರಿಸಿದ ಕೂಡಲೇ ‘ಕತ್ತಲೆಯ’ ಗುಂಪಿಗೆ ಹಾಕದೆ ಅದಕ್ಕೆ ಮೊದಲಿರುವ ಪದವನ್ನು ನೋಡಿ.

ಪ್ರಥಮಾ ವಿಭಕ್ತಿಯಲ್ಲಿ ಎರಡು ವಚನಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಎಫೆಸದವರಿಗೆ 5:8ರ ಗ್ರೀಕ್ ‘ನೀವು ಕತ್ತಲೆಯಲ್ಲಿ ಇದ್ದಿರಿ’ ಎನ್ನುವುದಿಲ್ಲ, ‘ನೀವು ಒಮ್ಮೆ ಕತ್ತಲೆ ಆಗಿದ್ದಿರಿ’ ಎನ್ನುತ್ತದೆ. ಮನುಷ್ಯ ಮತ್ತು ಕತ್ತಲೆಯ ನಡುವಿನ ಅಂತರವನ್ನೇ ಅದು ತೆಗೆದುಹಾಕುತ್ತದೆ. ನಿಮ್ಮ ಕನ್ನಡ ಅನುವಾದ ‘ಅಲ್ಲಿ’ ಪ್ರತ್ಯಯ ಸೇರಿಸಿ ಇದನ್ನು ಮೆತ್ತಗೆ ಮಾಡಿದೆಯೇ ನೋಡಿ. ಇನ್ನೊಂದು ಮತ್ತಾಯ 6:23: ನಿನ್ನೊಳಗಿನ ಬೆಳಕೇ ಕತ್ತಲೆಯಾದರೆ ಆ ಕತ್ತಲೆ ಎಷ್ಟು!

ದ್ವಿತೀಯಾದಲ್ಲಿ ಯೋಹಾನ 3:19 ಇದೆ: ಮನುಷ್ಯರು ಬೆಳಕಿಗಿಂತ ಕತ್ತಲೆಯನ್ನೇ ಪ್ರೀತಿಸಿದರು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಉಳಿದದ್ದು ‘ಕತ್ತಲೆಗೆ’. ‘ಹೊರಗಿನ ಕತ್ತಲೆಗೆ ಹಾಕಿರಿ’ ಎಂಬ ಮಾತು ಹೊಸ ಒಡಂಬಡಿಕೆಯಲ್ಲಿ ಮತ್ತಾಯನಲ್ಲಿ ಮಾತ್ರ, ಮೂರೇ ಸಲ: 8:12, 22:13, 25:30. ಇದನ್ನು ಬಿಡಿಸುವ ಕೀಲಿ ಪಕ್ಕದ ಚಿತ್ರದಲ್ಲಿದೆ. 8ನೇ ಅಧ್ಯಾಯದಲ್ಲಿ ಅಬ್ರಹಾಮನ ಸಂಗಡ ಊಟಕ್ಕೆ ಕೂರುವವರಿದ್ದಾರೆ, 22ರಲ್ಲಿ ಮದುವೆಯ ಔತಣ, 25ರಲ್ಲಿ ಯಜಮಾನನ ಸಂತೋಷದಲ್ಲಿ ಸೇರುವುದು. ಒಳಗೆ ದೀಪ, ಊಟ, ಜನ. ಬಾಗಿಲಾಚೆ ರಾತ್ರಿ. ‘ಹೊರಗಿನ’ ಎಂಬುದಕ್ಕೆ ಅಲ್ಲಿರುವ ಗ್ರೀಕ್ ಪದ ‘ಎಕ್ಸೋತೆರೊಸ್’, ‘ಇನ್ನೂ ಆಚೆಯ’ ಎಂಬ ತರ-ತಮ ರೂಪ. ಶಿಕ್ಷೆಯ ಮೊನೆ ಇರುವುದು ಆಚೆ ತಳ್ಳಿಸಿಕೊಳ್ಳುವುದರಲ್ಲಿ. ಮೂರೂ ಕಡೆ ಹಿಂದೆಯೇ ಬರುವ ‘ಗೋಳಾಟವೂ ಹಲ್ಲುಕಡಿಯೋಣವೂ’ ಮತ್ತಾಯ 13:42 ಮತ್ತು 13:50ರಲ್ಲಿ ಬೆಂಕಿಯ ಕೊಂಡದ ಜೊತೆಗೂ ಬರುತ್ತದೆ. ಬೆಂಕಿ ಇದ್ದಲ್ಲಿ ಕತ್ತಲೆ ಹೇಗೆ ಎಂದು ಲೆಕ್ಕ ಹಾಕಲು ಕೂತವರು ಎರಡು ದೃಷ್ಟಾಂತಗಳನ್ನು ಒಂದೇ ನಕ್ಷೆಯಾಗಿ ಓದುತ್ತಿದ್ದಾರೆ.

ಹಂತ 3: ಯೋಹಾನನ ಪದವನ್ನು ಬೇರೆ ಹಾಳೆಯಲ್ಲಿ ಬರೆಯಿರಿ

ಸ್ಕೊತಿಯಾ ಅದೇ ಪದದ ಸ್ತ್ರೀಲಿಂಗ ರೂಪ. ಅರ್ಥದಲ್ಲಿ ದೊಡ್ಡ ವ್ಯತ್ಯಾಸ ಹುಡುಕಲು ಹೋಗಬೇಡಿ. ನಾವು ಒಂದೇ ಪುಟದಲ್ಲಿ ‘ಕತ್ತಲು’ ಎಂದೂ ‘ಕತ್ತಲೆ’ ಎಂದೂ ಬರೆಯುವುದಿಲ್ಲವೇ, ಸುಮಾರಾಗಿ ಹಾಗೆ. ಗಮನಿಸಬೇಕಾದದ್ದು ಯಾರು ಬಳಸಿದ್ದಾರೆ ಎಂಬುದು. 16ರಲ್ಲಿ 8 ಯೋಹಾನನ ಸುವಾರ್ತೆಯಲ್ಲಿ, 6 ಯೋಹಾನನ ಮೊದಲ ಪತ್ರದಲ್ಲಿ. ಹೊರಗೆ ಇರುವುದು ಎರಡೇ, ಮತ್ತಾಯ 10:27 ಮತ್ತು ಲೂಕ 12:3.

ಆ ಎರಡನ್ನೇ ಮೊದಲು ಓದಿ. ‘ನಾನು ನಿಮಗೆ ಕತ್ತಲೆಯಲ್ಲಿ ಹೇಳುವುದನ್ನು ನೀವು ಬೆಳಕಿನಲ್ಲಿ ಹೇಳಿರಿ’ ಎಂಬುದು ಯೇಸುವಿನ ಮಾತು. ಕತ್ತಲೆಯಲ್ಲಿ ಮಾತಾಡುತ್ತಿರುವವನು ಸ್ವತಃ ಅವನೇ! ‘ಕತ್ತಲೆ ಎಂದರೆ ಕೆಟ್ಟದ್ದು’ ಎಂಬ ಸೂತ್ರ ಇಲ್ಲಿಗೆ ಬಂದು ಮುರಿಯುತ್ತದೆ. ಇಲ್ಲಿ ಕತ್ತಲೆಯೆಂದರೆ ಏಕಾಂತ.

ಇನ್ನು ಯೋಹಾನ 1:5. ಬೆಳಕು ಕತ್ತಲೆಯಲ್ಲಿ ಪ್ರಕಾಶಿಸುತ್ತದೆ, ಕತ್ತಲೆ ಅದನ್ನು... ಏನು ಮಾಡಲಿಲ್ಲ? ಗ್ರೀಕ್ ಕ್ರಿಯಾಪದ ‘ಕತಲಂಬಾನೊ’, ಹಿಡಿದುಕೊಳ್ಳು. ಕೈಯಿಂದ ಹಿಡಿದರೆ ವಶ, ಮನಸ್ಸಿನಿಂದ ಹಿಡಿದರೆ ತಿಳಿವು. ಅನುವಾದಗಳು ಇಲ್ಲಿಯೇ ಕವಲೊಡೆಯುತ್ತವೆ. ಕನ್ನಡ ಓದುಗರಿಗೆ ಇದು ಹೊಸತಲ್ಲ: ಪಾಠವನ್ನು ‘ಗ್ರಹಿಸು’ವುದೂ ಸೂರ್ಯನಿಗೆ ‘ಗ್ರಹಣ’ ಹಿಡಿಯುವುದೂ ಒಂದೇ ಧಾತುವಿನಿಂದ ಬಂದವು. ಆದರೆ ‘ಕತ್ತಲೆ ಅದನ್ನು ಗ್ರಹಿಸಲಿಲ್ಲ’ ಎಂದು ಬರೆದರೆ ಇಂದಿನ ಓದುಗನ ಕಿವಿಗೆ ‘ಅರ್ಥಮಾಡಿಕೊಳ್ಳಲಿಲ್ಲ’ ಎಂದಷ್ಟೇ ಕೇಳುತ್ತದೆ, ಗ್ರಹಣ ಕೇಳುವುದಿಲ್ಲ.

ತೀರ್ಮಾನಕ್ಕೆ ಬರಲು ಎರಡು ಪರೀಕ್ಷೆ ಮಾಡಿ. ಒಂದು, ಅದೇ ಲೇಖಕ ಅದೇ ಕ್ರಿಯಾಪದವನ್ನು ಕತ್ತಲೆಯ ಜೊತೆ ಬೇರೆಲ್ಲಿ ಬಳಸಿದ್ದಾನೆ? 12:35ರಲ್ಲಿ: ಕತ್ತಲೆ ನಿಮ್ಮನ್ನು ಹಿಡಿಯದಂತೆ ಬೆಳಕಿರುವಾಗಲೇ ನಡೆಯಿರಿ. ದಾರಿಹೋಕನನ್ನು ಕತ್ತಲೆ ಹಿಂದಿನಿಂದ ಬಂದು ಹಿಡಿಯುವ ಚಿತ್ರ. 6:17ರಲ್ಲೂ ಕೆಲವು ಹಳೆಯ ಹಸ್ತಪ್ರತಿಗಳು ದೋಣಿಯಲ್ಲಿದ್ದ ಶಿಷ್ಯರನ್ನು ‘ಕತ್ತಲೆ ಹಿಡಿಯಿತು’ ಎಂದು ಇದೇ ಕ್ರಿಯಾಪದ ಹಾಕುತ್ತವೆ. ಎರಡು, ‘ತಿಳಿದುಕೊಳ್ಳು’ ಎಂಬ ಅರ್ಥ ಹೊಸ ಒಡಂಬಡಿಕೆಯಲ್ಲಿ ಖಚಿತವಾಗಿರುವ ಕಡೆ (ಅಪೊಸ್ತಲರ ಕೃತ್ಯಗಳು 4:13, 10:34, 25:25, ಎಫೆಸದವರಿಗೆ 3:18) ಕ್ರಿಯಾಪದ ಮಧ್ಯಮ ಪ್ರಯೋಗದಲ್ಲಿದೆ (ಕ್ರಿಯೆ ಕರ್ತೃವಿನ ಕಡೆಗೇ ಮರಳುವ ಗ್ರೀಕ್ ರೂಪ). 1:5ರಲ್ಲಿ ಕರ್ತರಿ. ಎರಡೂ ಸಾಕ್ಷಿ ಒಂದೇ ಕಡೆ ವಾಲುತ್ತವೆ: ಕತ್ತಲೆಗೆ ಆ ಬೆಳಕನ್ನು ಹಿಡಿದು ನುಂಗಲು ಆಗಲಿಲ್ಲ. ಯೋಹಾನನಿಗೆ ಎರಡರ್ಥದ ಮಾತು ಇಷ್ಟವಾದ್ದರಿಂದ ‘ತಿಳಿವಿ’ನ ಛಾಯೆಯನ್ನು ಪೂರ್ತಿ ಅಳಿಸಬೇಕಾಗಿಲ್ಲ, ಟಿಪ್ಪಣಿಯಲ್ಲಿ ಇರಲಿ.

ಹಂತ 4: ಉಳಿದ ಮೂರು ಪದಗಳು

ಜೊಫೊಸ್ ಅಧೋಲೋಕದ ಕತ್ತಲು. ಪ್ರಾಚೀನ ಗ್ರೀಕ್ ಕವಿ ಹೋಮರನ ಕಾಲದಿಂದಲೂ ಅದು ಸತ್ತವರ ನಾಡಿನ ಬಣ್ಣ. 2 ಪೇತ್ರ 2:4ರಲ್ಲಿ ಪಾಪ ಮಾಡಿದ ದೇವದೂತರನ್ನು ‘ಜೊಫೊಸ್‌ನ ಸಂಕೋಲೆ’ಗಳಿಗೆ ಒಪ್ಪಿಸಲಾಗುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಒಂದೇ ಸ್ವರ ವ್ಯತ್ಯಾಸವಾಗಿ ‘ಸಂಕೋಲೆ’ ಇದ್ದಲ್ಲಿ ‘ಗುಂಡಿ’ ಆಗಿದೆ. ಆ ಗುಂಡಿಗೆ ಬಳಸಿದ ‘ಸಿರೊಸ್’ ಧಾನ್ಯ ತುಂಬುವ ನೆಲದಡಿಯ ಕಣಜ, ನಮ್ಮ ಉತ್ತರ ಕರ್ನಾಟಕದ ಹಗೇವು. ಹಗೇವಿನೊಳಗೆ ಇಣುಕಿದವರಿಗೆ ಜೊಫೊಸ್ ಬಿಡಿಸಿ ಹೇಳಬೇಕಾಗಿಲ್ಲ. ಯೂದ 13 ಮತ್ತು 2 ಪೇತ್ರ 2:17ರಲ್ಲಿ ಎರಡು ಪದ ಒಟ್ಟಿಗೆ ಬರುತ್ತವೆ, ‘ಸ್ಕೊತೊಸ್‌ನ ಜೊಫೊಸ್’. ಎರಡಕ್ಕೂ ‘ಕತ್ತಲೆ’ ಎಂದೇ ಹಾಕಿದರೆ ವಾಕ್ಯ ತೊದಲುತ್ತದೆ.

ಅಖ್ಲುಸ್ ಒಂದೇ ಕಡೆ, ಅಪೊಸ್ತಲರ ಕೃತ್ಯಗಳು 13:11ರಲ್ಲಿ. ಸೈಪ್ರಸ್ಸಿನ ಪಾಫೋಸಿನಲ್ಲಿ ಎಲುಮ ಎಂಬ ಮಂತ್ರವಾದಿಯ ಮೇಲೆ ಮೊದಲು ಅಖ್ಲುಸ್, ಆಮೇಲೆ ಸ್ಕೊತೊಸ್ ಬೀಳುತ್ತದೆ. ಅಖ್ಲುಸ್ ಎಂದರೆ ಕಣ್ಣಿಗೆ ಕವಿಯುವ ಮಂಜು, ಗ್ರೀಕ್ ವೈದ್ಯರ ಬರಹಗಳಲ್ಲೂ ಇರುವ ಪದ. ಕಣ್ಣು ಮಂಜಾಯಿತು, ಆಮೇಲೆ ಕತ್ತಲಿಟ್ಟಿತು. ಆ ಅನುಕ್ರಮವನ್ನು ಅನುವಾದದಲ್ಲಿ ಕಳೆಯಬಾರದು. ಅಂದಹಾಗೆ ಸ್ಕೊತೊಸ್‌ಗೂ ಕಣ್ಣಿಗೂ ಹಳೆಯ ನಂಟು. ಹೋಮರನ ಯುದ್ಧದಲ್ಲಿ ಸಾಯುವವನ ‘ಕಣ್ಣಿಗೆ ಸ್ಕೊತೊಸ್ ಮುಸುಕುತ್ತದೆ’. ತಲೆಸುತ್ತಿಗೆ ಗ್ರೀಕರು ‘ಸ್ಕೊತೊದಿನಿಯಾ’ ಎನ್ನುತ್ತಿದ್ದರು, ನಾವು ‘ಕಣ್ಣು ಕತ್ತಲೆ ಬಂತು’ ಎನ್ನುವ ಹಾಗೆ. ನೇತ್ರತಜ್ಞರು ದೃಷ್ಟಿಯಲ್ಲಿನ ಕುರುಡು ಕಲೆಗೆ ಇಂದಿಗೂ ‘ಸ್ಕೋಟೋಮ’ ಎಂದೇ ಬರೆಯುತ್ತಾರೆ.

ಗ್ನೊಫೊಸ್ ಹೊಸ ಒಡಂಬಡಿಕೆಯಲ್ಲಿ ಒಂದೇ ಸಲ ಬಂದರೂ ಅದರ ಸಂಸಾರ ಹಳೆಯ ಒಡಂಬಡಿಕೆಯಲ್ಲಿ ದೊಡ್ಡದು.

ಹಂತ 5: ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದಕ್ಕೆ ಹೋಗಿ

ಹೊಸ ಒಡಂಬಡಿಕೆ ಬರೆದವರ ಕಿವಿಯಲ್ಲಿದ್ದದ್ದು ಸೆಪ್ಟುಅಜಿಂಟ್, ಅಂದರೆ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಶುರುವಾದ ಗ್ರೀಕ್ ಅನುವಾದ. ಆದಿಕಾಂಡ 1:2ರ ಹೀಬ್ರೂ ‘ಹೋಷೆಖ್’ಗೆ ಆ ಅನುವಾದಕರು ಹಾಕಿದ್ದು ಸ್ಕೊತೊಸ್. ಅಲ್ಲಿ ಕತ್ತಲೆ ಶತ್ರುವಲ್ಲ. ದೇವರು ಅದನ್ನು ಬೆಳಕಿನಿಂದ ಬೇರ್ಪಡಿಸಿ, ‘ಇರುಳು’ ಎಂದು ಹೆಸರಿಟ್ಟು, ದಿನಚರಿಯಲ್ಲಿ ಜಾಗ ಕೊಡುತ್ತಾನೆ. ಯೆಶಾಯ 45:7ರಲ್ಲಂತೂ ಕತ್ತಲೆಯನ್ನು ಉಂಟುಮಾಡಿದವನು ತಾನೇ ಎನ್ನುತ್ತಾನೆ.

ವಿಮೋಚನಕಾಂಡ 10:21–22ರಲ್ಲಿ ಈಜಿಪ್ಟಿನ ಮೇಲೆ ಮೂರು ದಿನ ‘ಕೈಗೆ ತಗಲುವಂಥ’ ಸ್ಕೊತೊಸ್. ಅದೇ ಗ್ರಂಥದ 20:21ರಲ್ಲಿ ಮೋಶೆ ‘ದೇವರಿದ್ದ’ ಗ್ನೊಫೊಸ್ ಒಳಕ್ಕೆ ಹೋಗುತ್ತಾನೆ. 2 ಪೂರ್ವಕಾಲವೃತ್ತಾಂತ 6:1ರಲ್ಲೂ ದೇವರು ವಾಸಿಸುವೆನೆಂದದ್ದು ಗ್ನೊಫೊಸ್‌ನಲ್ಲಿ. ಇದು ಬೆಟ್ಟದ ನೆತ್ತಿಗೆ ಕವಿದ ಕಾರ್ಮೋಡದ ಕಪ್ಪು, ಹೀಬ್ರೂವಿನಲ್ಲಿ ‘ಅರಾಫೆಲ್’. ‘ದೇವರು ಬೆಳಕು, ಆತನಲ್ಲಿ ಎಷ್ಟುಮಾತ್ರವೂ ಕತ್ತಲೆಯಿಲ್ಲ’ (1 ಯೋಹಾನ 1:5) ಎಂದಮೇಲೆ ದೇವರು ಕತ್ತಲೆಯಲ್ಲಿ ಹೇಗಿದ್ದ ಎಂದು ಬೈಬಲ್ ತರಗತಿಗಳಲ್ಲಿ ಕೇಳುವುದುಂಟು. ಉತ್ತರದ ಮೊದಲ ಅರ್ಧ ಸರಳ: ಯೋಹಾನ ಹೇಳಿದ್ದು ಸ್ಕೊತಿಯಾ, ಮೋಶೆ ಹೊಕ್ಕಿದ್ದು ಗ್ನೊಫೊಸ್. ಗ್ರೀಕ್ ಸಭಾಪಿತೃ ನಿಸ್ಸದ ಗ್ರೆಗರಿ 4ನೇ ಶತಮಾನದಲ್ಲಿ ಮೋಶೆಯ ಪಯಣವನ್ನು ಬೆಳಕು, ಮೋಡ, ಗ್ನೊಫೊಸ್ ಎಂದು ಮೂರು ಮೆಟ್ಟಿಲಾಗಿ ವಿವರಿಸಿದ್ದು ಈ ಪದದ ಮೇಲೆ ನಿಂತೇ. ಆದರೆ ಈ ಗೆರೆಯನ್ನು ಕಬ್ಬಿಣದ ಸರಳು ಮಾಡಿಕೊಳ್ಳಬೇಡಿ. ಕೀರ್ತನೆ 18:11ರಲ್ಲಿ ದೇವರು ತನ್ನ ಮರೆಗೆ ಸ್ಕೊತೊಸ್ ಅನ್ನೇ ಹೊದ್ದಿದ್ದಾನೆ.

ಇಲ್ಲಿ ಎಡವುವುದು ಅಂಕಿಗಳಲ್ಲಿ. ಗ್ರೀಕ್ ಕೀರ್ತನೆಗಳ ಸಂಖ್ಯೆ ಬಹುಪಾಲು ಒಂದು ಕಡಿಮೆ: ನಮ್ಮ 18 ಅಲ್ಲಿ 17, ನಮ್ಮ 139 ಅಲ್ಲಿ 138. ಯೆಶಾಯ 9:2 ಅಲ್ಲಿ 9:1. ಹುಡುಕಿದ ಪದ ಸಿಗದಿದ್ದರೆ ಮೊದಲು ಅಕ್ಕಪಕ್ಕ ನೋಡಿ.

ಹಂತ 6: ಕಾಲು ಜಾರುವ ಕಡೆಗಳು

ಶಿಲುಬೆಯ ಹೊತ್ತಿನ ಕತ್ತಲೆಯನ್ನು (ಮಾರ್ಕ 15:33) ಸೂರ್ಯಗ್ರಹಣ ಎಂದು ವಿವರಿಸುವವರಿದ್ದಾರೆ. ಪಂಚಾಂಗ ನೋಡಬಲ್ಲ ಯಾರಾದರೂ ಇದನ್ನು ತಿದ್ದಬಹುದು. ಯೇಸು ಶಿಲುಬೆಗೇರಿದ ಪಸ್ಕ ಹಬ್ಬ ಬರುವುದು ಹುಣ್ಣಿಮೆಗೆ, ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಗೆ. ಮೇಲಾಗಿ ಖಗ್ರಾಸ ಏಳೂವರೆ ನಿಮಿಷ ದಾಟುವುದಿಲ್ಲ, ಇಲ್ಲಿ ಕತ್ತಲೆ ಮಧ್ಯಾಹ್ನ 12ರಿಂದ 3ರವರೆಗೆ. ಸುವಾರ್ತೆಗಾರರ ಮನಸ್ಸಿನಲ್ಲಿದ್ದದ್ದು ಆಮೋಸ 8:9 ಎನ್ನುವುದು ಹೆಚ್ಚು ಒಪ್ಪುತ್ತದೆ: ನಡುಹಗಲಲ್ಲೇ ಸೂರ್ಯ ಮುಳುಗುವ ತೀರ್ಪಿನ ದಿನ.

ಸ್ಕೊತೊಸ್‌ಗೆ ‘ತಮಸ್ಸು’ ಎಂದು ಬರೆದರೆ ಗಂಭೀರವಾಗಿ ಕಾಣುತ್ತದೆ, ಆದರೆ ಅದರ ಬೆನ್ನಿಗೇ ಸಾಂಖ್ಯ ದರ್ಶನದ ತಮೋಗುಣ, ಜಡತೆ, ಅಜ್ಞಾನ ಎಲ್ಲವೂ ಒಳಗೆ ಬರುತ್ತವೆ. ಯೋಹಾನ 3:19 ನೆನಪಿದೆಯಲ್ಲ? ಅಲ್ಲಿ ಜನ ಕತ್ತಲೆಯನ್ನು ತಿಳಿಯದೆ ಇದ್ದವರಲ್ಲ, ತಿಳಿದೇ ಪ್ರೀತಿಸಿದವರು. ತಮಾಷೆಯೆಂದರೆ ‘ತಮಸೋ ಮಾ ಜ್ಯೋತಿರ್ಗಮಯ’ ಎಂಬಲ್ಲೂ ಬೃಹದಾರಣ್ಯಕ ಉಪನಿಷತ್ತು ತಾನೇ ಕೊಡುವ ಅರ್ಥ ಅಜ್ಞಾನವಲ್ಲ. ‘ಮೃತ್ಯುರ್ವೈ ತಮಃ’, ತಮಸ್ಸೆಂದರೆ ಸಾವು ಎನ್ನುತ್ತದೆ. ಯಾವ ಗ್ರಂಥವಾದರೂ ಅದರ ಕತ್ತಲೆಯನ್ನು ಅದಕ್ಕೇ ಕೇಳಬೇಕು.

ಇಂದಿನ ಗ್ರೀಕ್ ನಿಘಂಟಿನಲ್ಲಿ ‘ಸ್ಕೊತೋನೊ’ ಎಂದರೆ ಕೊಲ್ಲು. ಅದನ್ನು ಹಿಂದಕ್ಕೆ ಎಳೆದು ‘ಸ್ಕೊತೊಸ್‌ನ ಮೂಲಾರ್ಥವೇ ಕೊಲೆ’ ಎನ್ನುವ ವಿಡಿಯೊಗಳು ಸಿಗುತ್ತವೆ. ಆ ಅರ್ಥ ನಂತರದ ಬೆಳವಣಿಗೆ. ಸ್ಕೊತೊಸ್‌ಗೂ ‘ಛಾಯಾ’ಕ್ಕೂ ಗಂಟು ಹಾಕಬೇಡಿ. ಸಂಸ್ಕೃತ ‘ಛಾಯಾ’ದ ಗ್ರೀಕ್ ನೆಂಟ ‘ಸ್ಕಿಯಾ’, ‘ಮರಣದ ನೆರಳು’ ಎಂಬಲ್ಲಿ ಬರುವ ಪದ. ಹಾಗೆಯೇ ಸ್ಕೊತೊಸ್ ಬಣ್ಣವೂ ಅಲ್ಲ. ಕಪ್ಪಿಗೆ ಗ್ರೀಕಿನಲ್ಲಿ ‘ಮೆಲಾಸ್’ ಇದೆ, ಪ್ರಕಟನೆ 6:12ರಲ್ಲಿ ಸೂರ್ಯ ಆಗುವುದು ಅದು. ಈ ಪದದ ಬಲದ ಮೇಲೆ ಮೈಬಣ್ಣದ ಬಗ್ಗೆ ಮಾತಾಡುವವರಿಗೆ ಪಠ್ಯದ ಆಧಾರ ಏನೇನೂ ಇಲ್ಲ.

ಹಂತ 7: ಮರಳಿ ಕನ್ನಡಕ್ಕೆ

ಈಗ 54 ವಚನಗಳ ಪಕ್ಕದಲ್ಲಿ ನಿಮ್ಮದೇ ಕನ್ನಡ ಪದ ಬರೆಯಿರಿ. ಸ್ಕೊತೊಸ್, ಸ್ಕೊತಿಯಾಗಳಿಗೆ ‘ಕತ್ತಲೆ’ ಸಾಕು. ‘ಅಂಧಕಾರ’ ಬೇಡ, ಅಡುಗೆಮನೆಯಲ್ಲಿ ದೀಪ ಹೋದಾಗ ಯಾರೂ ಆಡದ ಮಾತು ಅದು, ಮೂಲದ ಪದವಾದರೋ ದಿನಬಳಕೆಯದು. ಗ್ನೊಫೊಸ್‌ಗೆ ‘ಕಾರ್ಗತ್ತಲು’ ಹೇಳಿ ಮಾಡಿಸಿದಂತಿದೆ. ಕಾರ್ ಎಂದರೆ ಕಪ್ಪೂ ಹೌದು ಮಳೆಗಾಲವೂ ಹೌದು, ಅನುಮಾನವಿದ್ದರೆ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಬಂದ ಕಿಟ್ಟೆಲ್ ನಿಘಂಟು ತೆರೆದು ನೋಡಿ. ಮೋಡ ಆ ಪದದೊಳಗೇ ಇದೆ. ಜೊಫೊಸ್‌ಗೆ ‘ಕಗ್ಗತ್ತಲು’ ಇಡಿ. ಅಖ್ಲುಸ್‌ಗೆ ‘ಮಬ್ಬು’ ಅಥವಾ ‘ಮಂಜು’.

ಕೊನೆಗೆ ಇಬ್ರಿಯರಿಗೆ 12:18ನ್ನು ಬರೆದು ನೋಡಿ. ಗ್ನೊಫೊಸ್, ಜೊಫೊಸ್, ಅದರ ಹಿಂದೆ ಬಿರುಗಾಳಿ ಒಂದೇ ಉಸಿರಿಗೆ ಬರುತ್ತವೆ. ‘ಕತ್ತಲೆ, ಕತ್ತಲೆ, ಬಿರುಗಾಳಿ’ ಎಂದು ಬರೆಯಲು ನಿಮ್ಮ ಕೈ ಒಪ್ಪದಿದ್ದರೆ ಪಟ್ಟಿ ಸರಿಯಾಗಿ ಆಗಿದೆ.